ಚೈನ್ ತಪ್ಪಿದ ಚಿತ್ರ: ಪೋಸ್ಟರ್ ಕಲಾವಿದ ಲೊತ್ರೆಕ್ ಅವರ ಜೀವನ

 

ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ನಾನು ಬರೆದ ಸೈಕಲ್ ಚಿತ್ರ ನಿಮಗೆಲ್ಲ ನೆನಪಿರಬಹುದು. ನೆನಪಿಲ್ಲದೆ ಏನು, ಒಂದು ವಾರ ನಕ್ಕಿದ್ದೀರಿ. ಆ ಸೈಕಲ್ಲಿಗೆ ಬೆಲ್ ಇತ್ತು, ಕ್ಯಾರಿಯರ್ ಇತ್ತು, ಮಡ್‌ಗಾರ್ಡ್ ಇತ್ತು, ಡೈನಮೊ ಲೈಟ್ ಕೂಡ ಇತ್ತು. ಎಲ್ಲಾ ಇದ್ದು ಚೈನ್ ಮಾತ್ರ ಪೆಡಲ್‌ನಿಂದ ಮುಂದಿನ ಗಾಲಿಗೆ ಹೋಗಿತ್ತು. ಎಸ್‌ಡಿಎಂಸಿ ಸಭೆಗೆ ಬಂದಿದ್ದ ನಮ್ಮ ತಾತ ಅದನ್ನು ಬಹಳ ಹೊತ್ತು ನೋಡಿದರು. ನಮ್ಮ ತಾತ ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡಿದವರು. ಆ ಕಾರ್ಖಾನೆ 1941ರಲ್ಲಿ ಶುರುವಾಗಿತ್ತು, ಈಗ ಮುಚ್ಚಿದೆ. ತಾತ ಬೈಯಲಿಲ್ಲ. ಈ ಸೈಕಲ್ ತಿರುವಿನಲ್ಲಿ ಹೆಂಗೆ ತಿರುಗುತ್ತದೆ ಅಂತ ಕೇಳಿದರು ಅಷ್ಟೇ. ಹ್ಯಾಂಡಲ್ ತಿರುಗಿಸಿದರೆ ಮುಂದಿನ ಗಾಲಿ ತಿರುಗುತ್ತೆ, ಆಗ ಚೈನ್ ಹರಿದು ಹೋಗುತ್ತೆ ಅಥವಾ ಕಳಚಿ ಬೀಳುತ್ತೆ. ನನಗೆ ಉತ್ತರ ಹೇಳೋಕೆ ಆಗಲಿಲ್ಲ. ಇನ್ನು ಮೇಲೆ ಚಿತ್ರ ಬರೆಯೋದೇ ಬೇಡ ಅಂತ ಅವತ್ತು ತೀರ್ಮಾನ ಮಾಡಿದೆ. ಬಣ್ಣದ ಡಬ್ಬಿಯನ್ನು ತಂಗಿಗೆ ಕೊಟ್ಟುಬಿಟ್ಟೆ.

ಆಮೇಲೆ ನಮ್ಮ ದೊಡ್ಡಪ್ಪನ ಮಗ ಊರಿಗೆ ಬಂದ. ಅವನು ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುತ್ತಿದ್ದಾನೆ. ನನ್ನ ಕಥೆ ಕೇಳಿ ಅವನು ನಗಲಿಲ್ಲ. 1896ರಲ್ಲಿ ಪ್ಯಾರಿಸ್ ನಗರದಲ್ಲಿ ಒಬ್ಬ ದೊಡ್ಡ ಕಲಾವಿದರಿಗೂ ಹಿಂಗೇ ಆಗಿತ್ತು ಅಂತ ಹೇಳಿದ. ಮುಂದಿನ ಸಲ ಬರುವಾಗ ಅವರ ಚಿತ್ರಗಳಿರುವ ಒಂದು ದಪ್ಪ ಪುಸ್ತಕ ತಂದ. ಎರಡು ಭಾನುವಾರ ಅವನ ಜೊತೆ ಕೂತು ಅದನ್ನು ನೋಡಿದೆ, ಓದಿಸಿಕೊಂಡೆ. ನನಗೆ ತಿಳಿದಷ್ಟನ್ನು ನಿಮಗೂ ಹೇಳಬೇಕು ಅನ್ನಿಸಿತು. ಅದಕ್ಕೇ ಈ ಲೇಖನ.

ಹುಟ್ಟು ಮತ್ತು ಬಾಲ್ಯ

ಆ ಕಲಾವಿದರ ಹೆಸರು ಆನ್ರಿ ದ ತುಲೂಸ್ ಲೊತ್ರೆಕ್. ಹೆಸರು ಉದ್ದ ಇದೆ, ಆದ್ದರಿಂದ ಲೊತ್ರೆಕ್ ಅಂತ ಮಾತ್ರ ಬರೆಯುತ್ತೇನೆ. ಅವರು 1864ನೇ ಇಸವಿ ನವೆಂಬರ್ 24ರಂದು ಫ್ರಾನ್ಸ್ ದೇಶದ ದಕ್ಷಿಣದಲ್ಲಿರುವ ಆಲ್ಬಿ ಎಂಬ ಊರಿನಲ್ಲಿ ಜನಿಸಿದರು. ನಮ್ಮ ಹರಿಹರ ತುಂಗಭದ್ರಾ ನದಿಯ ದಂಡೆಯ ಮೇಲೆ ಇದ್ದ ಹಾಗೆ ಆಲ್ಬಿ ಊರು ತಾರ್ನ್ ಎಂಬ ನದಿಯ ದಂಡೆಯ ಮೇಲಿದೆ. ಹರಿಹರದಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ ಇದೆಯಲ್ಲ, ಆಲ್ಬಿಯಲ್ಲಿ ಕೆಂಪು ಇಟ್ಟಿಗೆಯಿಂದ ಕಟ್ಟಿದ ಬಹಳ ದೊಡ್ಡ ಹಳೆಯ ಚರ್ಚ್ ಇದೆ.

ಅವರದು ಶ್ರೀಮಂತ ಮನೆತನ. ನಮ್ಮಲ್ಲಿ ಪಾಳೆಯಗಾರರ ಮನೆತನಗಳು ಇದ್ದ ಹಾಗೆ ಅನ್ನಬಹುದು. ತಂದೆಯ ಹೆಸರು ಆಲ್ಫೋನ್ಸ್, ತಾಯಿಯ ಹೆಸರು ಅಡೆಲ್. ತಂದೆಗೆ ಕುದುರೆ ಸವಾರಿ ಮತ್ತು ಬೇಟೆ ಅಂದರೆ ಪ್ರಾಣ. ಮಗನೂ ತನ್ನ ಹಾಗೆ ಸವಾರ ಆಗಬೇಕು ಅಂತ ಅವರ ಆಸೆ.

ಇಲ್ಲಿ ಒಂದು ವಿಷಯ ಹೇಳಬೇಕು. ಲೊತ್ರೆಕ್ ಅವರ ತಂದೆ ತಾಯಿ ಅಕ್ಕತಂಗಿಯರ ಮಕ್ಕಳು. ನಮ್ಮಲ್ಲಾದರೆ ಅಕ್ಕತಂಗಿಯರ ಮಕ್ಕಳು ಅಣ್ಣತಂಗಿ ಆಗುತ್ತಾರೆ, ಮದುವೆ ಮಾಡುವುದಿಲ್ಲ. ಆ ಮನೆತನಗಳಲ್ಲಿ ಆಸ್ತಿ ಹೊರಗೆ ಹೋಗಬಾರದು ಅಂತ ಮಾಡುತ್ತಿದ್ದರು. ಹತ್ತಿರದ ರಕ್ತ ಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಕೆಲವು ಕಾಯಿಲೆಗಳು ಬರುವ ಸಂಭವ ಹೆಚ್ಚು. ಲೊತ್ರೆಕ್ ಅವರ ಮೂಳೆಗಳು ಹುಟ್ಟಿನಿಂದಲೇ ಬಲಹೀನವಾಗಿದ್ದಕ್ಕೆ ಇದೇ ಕಾರಣ ಇರಬೇಕು ಅಂತ ಈಗಿನ ವೈದ್ಯರು ಅಭಿಪ್ರಾಯ ಪಡುತ್ತಾರೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವ ಪದ್ಧತಿ ಇದೆ. ದೊಡ್ಡವರು ಇದನ್ನು ಯೋಚನೆ ಮಾಡಬೇಕು ಅಂತ ನನಗೆ ಅನ್ನಿಸುತ್ತೆ.

ಹದಿಮೂರನೇ ವಯಸ್ಸು

ಇಷ್ಟು ಹೊತ್ತು ಅವರು ಅಂತ ಬರೆದೆ. ಈ ಒಂದು ಭಾಗದಲ್ಲಿ ಮಾತ್ರ ಅವನು ಅಂತ ಬರೆಯುತ್ತೇನೆ. ಯಾಕಂದರೆ ಇಲ್ಲಿ ಅವನ ವಯಸ್ಸು 13, ನನ್ನ ವಯಸ್ಸೂ 13.

1878ರಲ್ಲಿ ಒಂದು ದಿನ ಹುಡುಗ ಆನ್ರಿ ಕುರ್ಚಿಯಿಂದ ಏಳಲು ಹೋಗಿ ಜಾರಿ ಬಿದ್ದ. ಅದೇನೂ ಎತ್ತರದ ಕುರ್ಚಿ ಅಲ್ಲ. ನಾವಾದರೆ ಮಣ್ಣು ಕೊಡವಿಕೊಂಡು ಎದ್ದು ಓಡುತ್ತಿದ್ದೆವು. ಅವನ ಎಡ ತೊಡೆಯ ಮೂಳೆ ಮುರಿಯಿತು. ತಿಂಗಳುಗಟ್ಟಲೆ ಮಲಗಿದ. ಮರುವರ್ಷ 1879ರಲ್ಲಿ ತಾಯಿಯ ಜೊತೆ ನಡೆದುಕೊಂಡು ಹೋಗುವಾಗ ಒಂದು ತಗ್ಗಿಗೆ ಬಿದ್ದ. ಆಗ ಬಲ ತೊಡೆಯ ಮೂಳೆಯೂ ಮುರಿಯಿತು. ಎರಡೂ ಕಾಲುಗಳು ಅಲ್ಲಿಗೇ ನಿಂತುಹೋದವು, ಮುಂದೆ ಬೆಳೆಯಲೇ ಇಲ್ಲ. ಮೈ ಮಾತ್ರ ದೊಡ್ಡವರ ಹಾಗೆ ಬೆಳೆಯಿತು. ದೊಡ್ಡವನಾದ ಮೇಲೂ ಅವನ ಎತ್ತರ ಐದಡಿ ದಾಟಲಿಲ್ಲ. ಕೋಲು ಹಿಡಿದೇ ನಡೆಯಬೇಕಾಯಿತು.

ಕುದುರೆ ಸವಾರಿಯ ಆಸೆ ಮುಗಿಯಿತು. ತಂದೆಗೆ ಮಗನ ಮೇಲೆ ಇದ್ದ ಆಸಕ್ತಿಯೂ ಕಡಿಮೆ ಆಯಿತು. ತಾಯಿ ಮಾತ್ರ ಬಿಡಲಿಲ್ಲ, ಅವನ ಜೊತೆಗೇ ಇದ್ದರು.

ಹಾಸಿಗೆ ಮೇಲೆ ಮಲಗಿ ಅವನು ಏನು ಮಾಡಿದ ಗೊತ್ತಾ? ಕುದುರೆ ಬರೆದ. ತಾನು ಹತ್ತೋಕೆ ಆಗದ ಕುದುರೆಗಳನ್ನೇ ಬರೆದ. ಓಡುವ ಕುದುರೆ, ಹಾರುವ ಕುದುರೆ, ಬೇಟೆ ನಾಯಿ, ಗಾಡಿ, ಸವಾರ. ಅವನ ತಂದೆಯ ಸ್ನೇಹಿತರೊಬ್ಬರು ಕುದುರೆ ಚಿತ್ರ ಬರೆಯುವುದರಲ್ಲಿ ಹೆಸರುವಾಸಿ. ಅವರ ಹೆಸರು ರೆನೆ ಪ್ರಾಂಸ್ತೊ. ಅವರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಲೊತ್ರೆಕ್‌ಗೆ ಮೊದಲ ಗುರು ಅವರೇ. ನಡೆಯಲು ಕಷ್ಟಪಡುವ ಶಿಷ್ಯ, ಮಾತು ಬಾರದ ಗುರು. ಇಬ್ಬರಿಗೂ ಪೆನ್ಸಿಲ್ಲೇ ಮಾತು, ಪೆನ್ಸಿಲ್ಲೇ ಕಾಲು. ಇದನ್ನು ಅಣ್ಣ ಹೇಳಿದಾಗ ನನಗೆ ಮೈ ಜುಮ್ ಅಂತು.

ಪ್ಯಾರಿಸ್‌ನ ಗೋಡೆಗಳು

1882ರಲ್ಲಿ ಲೊತ್ರೆಕ್ ಅವರು ಪ್ಯಾರಿಸ್‌ನಲ್ಲಿ ಬೊನ್ನಾ ಎಂಬ ಗುರುಗಳ ಹತ್ತಿರ ಸೇರಿದರು. ಆಮೇಲೆ ಕೊರ್ಮೊನ್ ಎಂಬ ಗುರುಗಳ ಹತ್ತಿರ ಕಲಿತರು. ಅಲ್ಲಿ 1886ರಲ್ಲಿ ವ್ಯಾನ್ ಗೋ ಅವರ ಪರಿಚಯ ಆಯಿತು. ಸೂರ್ಯಕಾಂತಿ ಹೂವಿನ ಚಿತ್ರ ಬರೆದ ವ್ಯಾನ್ ಗೋ ಅವರೇ. ಇಬ್ಬರೂ ಸ್ನೇಹಿತರಾದರು. 1887ರಲ್ಲಿ ಲೊತ್ರೆಕ್ ಅವರು ವ್ಯಾನ್ ಗೋ ಅವರ ಚಿತ್ರವನ್ನೂ ಬರೆದಿದ್ದಾರೆ.

ಆ ಕಾಲದ ಪ್ಯಾರಿಸ್ ಹೇಗಿತ್ತು ಅಂತ ತಿಳಿಯಬೇಕಾದರೆ ದಾವಣಗೆರೆಯ ಪಿ.ಬಿ. ರಸ್ತೆಯನ್ನು ನೆನಪು ಮಾಡಿಕೊಳ್ಳಿ. ಸಿನಿಮಾ ಪೋಸ್ಟರ್, ಅಂಗಡಿ ಬೋರ್ಡು, ಚುನಾವಣೆ ಬಂದರೆ ಇನ್ನೊಂದಿಷ್ಟು. ಪ್ಯಾರಿಸ್‌ನಲ್ಲೂ ಹಂಗೇ ಆಗಿತ್ತು. 1881ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಟ್ಟ ಕಾನೂನು ಅದು. ಅದರ ಪ್ರಕಾರ ಅಂಟಿಸಬಾರದು ಅಂತ ಗೊತ್ತು ಮಾಡಿದ ಜಾಗ ಬಿಟ್ಟು ಬೇರೆ ಕಡೆ ಪೋಸ್ಟರ್ ಅಂಟಿಸಬಹುದಾಗಿತ್ತು. ಗೋಡೆಗಳೆಲ್ಲ ಬಣ್ಣ ಬಣ್ಣ ಆದವು. ಸೋಪು, ದೀಪದ ಎಣ್ಣೆ, ನಾಟಕ, ಸರ್ಕಸ್, ಸೈಕಲ್, ಎಲ್ಲದಕ್ಕೂ ಪೋಸ್ಟರ್. ಈ ಬಣ್ಣದ ಪೋಸ್ಟರಿಗೆ ದಾರಿ ಮಾಡಿದವರು ಜೂಲ್ ಶೆರೆ. ಅವರು 1836ರಲ್ಲಿ ಹುಟ್ಟಿ 1932ರವರೆಗೆ ಬದುಕಿದ್ದರು. ಅವರನ್ನು ಪೋಸ್ಟರ್ ಕಲೆಯ ಪಿತಾಮಹ ಅನ್ನುತ್ತಾರೆ.

ಕಲ್ಲಿನಿಂದ ಅಚ್ಚು

ಆಗ ಈಗಿನ ಹಾಗೆ ಫ್ಲೆಕ್ಸ್ ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಪೋಸ್ಟರ್ ಅಚ್ಚಾಗುತ್ತಿದ್ದದ್ದು ಕಲ್ಲಿನಿಂದ. ಕಲ್ಲು ಕೆತ್ತಿ ಅಲ್ಲ, ಕಲ್ಲಿನ ಮೇಲೆ ಬರೆದು. ಇದನ್ನು ಕಲ್ಲಚ್ಚು ಅನ್ನುತ್ತಾರೆ. ಜರ್ಮನಿಯ ಸೆನೆಫೆಲ್ಡರ್ ಎಂಬುವರು 1796ರ ಸುಮಾರಿಗೆ ಇದನ್ನು ಕಂಡುಹಿಡಿದರು.

ಇದು ಹೇಗೆ ಅಂತ ಅಣ್ಣ ನನಗೆ ಮನೆಯಲ್ಲೇ ತೋರಿಸಿದ. ಒಂದು ಬಿಳಿ ಹಾಳೆ ಮೇಲೆ ಮೇಣದ ಬತ್ತಿಯಿಂದ ನನ್ನ ಹೆಸರು ಬರೆದ. ಏನೂ ಕಾಣಲಿಲ್ಲ. ಮೇಲೆ ನೀರು ಬೆರೆಸಿದ ನೀಲಿ ಬಣ್ಣ ಬಳಿದ. ಮೇಣ ಇದ್ದ ಕಡೆ ಬಣ್ಣ ಹಿಡಿಯಲಿಲ್ಲ, ನನ್ನ ಹೆಸರು ಬಿಳಿಯಾಗಿ ಎದ್ದು ಬಂತು. ಜಿಡ್ಡಿಗೂ ನೀರಿಗೂ ಆಗಿಬರುವುದಿಲ್ಲ. ಇದೇ ಕಲ್ಲಚ್ಚಿನ ಗುಟ್ಟು.

ನುಣ್ಣಗೆ ಉಜ್ಜಿದ ಸುಣ್ಣದ ಕಲ್ಲಿನ ಮೇಲೆ ಕಲಾವಿದ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾನೆ. ಅದು ಗಟ್ಟಿಯಾಗಿ ನಿಲ್ಲುವಂತೆ ಗೋಂದು ಮತ್ತು ಆಮ್ಲ ಹಚ್ಚುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡುತ್ತಾರೆ. ಬರೆಯದೆ ಬಿಟ್ಟ ಕಡೆ ನೀರು ನಿಲ್ಲುತ್ತೆ, ಜಿಡ್ಡು ಇದ್ದ ಕಡೆ ನಿಲ್ಲಲ್ಲ. ಈಗ ಎಣ್ಣೆ ಮಸಿಯ ರೋಲರ್ ಉರುಳಿಸಿದರೆ ಮಸಿ ಜಿಡ್ಡಿಗೆ ಮಾತ್ರ ಅಂಟುತ್ತೆ. ಮೇಲೆ ಕಾಗದ ಇಟ್ಟು ಒತ್ತಿದರೆ ಚಿತ್ರ ಬಂತು. ಹೀಗೆ ಸಾವಿರಾರು ಪ್ರತಿ ತೆಗೆಯಬಹುದು.

ಆದರೆ ಎರಡು ಕಷ್ಟ ಇದೆ. ಕಲ್ಲಿನ ಮೇಲೆ ಬರೆದದ್ದು ಕಾಗದದ ಮೇಲೆ ತಿರುಗುಮುರುಗು ಬರುತ್ತೆ. ಆದ್ದರಿಂದ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಬರೆಯಬೇಕು. ನೀವು ನಿಮ್ಮ ಹೆಸರು ಹಾಗೆ ಬರೆದು ನೋಡಿ, ಗೊತ್ತಾಗುತ್ತೆ. ಇನ್ನೊಂದು ಕಷ್ಟ ಏನಂದರೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಹಳದಿಗೆ ಒಂದು, ಕೆಂಪಿಗೆ ಒಂದು, ನೀಲಿಗೆ ಒಂದು. ಅದೇ ಕಾಗದವನ್ನು ಒಂದೊಂದಾಗಿ ಎಲ್ಲಾ ಕಲ್ಲಿಗೂ ಒತ್ತಬೇಕು. ಒಂದು ಕೂದಲೆಳೆ ಆಕಡೆ ಈಕಡೆ ಆದರೆ ಕೆಂಪು ಅಂಗಿ ಪಕ್ಕದವನ ಮುಖದ ಮೇಲೆ ಬೀಳುತ್ತೆ.

ನಮ್ಮ ದೇಶಕ್ಕೂ ಈ ವಿದ್ಯೆ ಬಂದಿತ್ತು. ರಾಜಾ ರವಿವರ್ಮ ಅವರು 1894ರಲ್ಲಿ ಮುಂಬಯಿಯಲ್ಲಿ ಇಂಥದೇ ಕಲ್ಲಚ್ಚಿನ ಮುದ್ರಣಾಲಯ ಹಾಕಿಸಿದರು. ಅವರ ಲಕ್ಷ್ಮಿ, ಸರಸ್ವತಿ ಚಿತ್ರಗಳು ಅಲ್ಲಿ ಅಚ್ಚಾಗಿ ಬಡವರ ಮನೆ ಗೋಡೆಗೂ ಬಂದವು. ನಮ್ಮ ಮನೆಯ ದೇವರ ಗೂಡಿನಲ್ಲಿರುವ ಲಕ್ಷ್ಮಿ ಪಟ ಕೂಡ ಅದೇ ಮಾದರಿಯದು. ಅದೇ ಹೊತ್ತಿನಲ್ಲಿ ಪ್ಯಾರಿಸ್‌ನಲ್ಲಿ ಲೊತ್ರೆಕ್ ಅವರೂ ಕಲ್ಲಿನ ಮೇಲೆ ಬರೆಯುತ್ತಿದ್ದರು. ಇವರದು ದೇವರ ಮನೆಯ ಗೋಡೆ, ಅವರದು ಬೀದಿಯ ಗೋಡೆ.

ಒಂದೇ ಪೋಸ್ಟರಿಗೆ ಹೆಸರು

1889ರಲ್ಲಿ ಪ್ಯಾರಿಸ್‌ನಲ್ಲಿ ಮುಲಾಂ ರೂಜ್ ಎಂಬ ಕುಣಿತದ ಮನೆ ಶುರುವಾಯಿತು. ಹಾಗಂದರೆ ಕೆಂಪು ಗಾಳಿಗಿರಣಿ ಅಂತ ಅರ್ಥ. 1891ರಲ್ಲಿ ಅದಕ್ಕೆ ಒಂದು ಪೋಸ್ಟರ್ ಮಾಡಿಕೊಡಲು ಲೊತ್ರೆಕ್ ಅವರಿಗೆ ಹೇಳಿದರು. ಅದು ಅವರ ಮೊದಲ ಪೋಸ್ಟರ್. ಒಬ್ಬ ಆಳಿಗಿಂತ ಎತ್ತರ. ಸುಮಾರು 3,000 ಪ್ರತಿ ಅಚ್ಚಾಗಿ ಊರ ತುಂಬ ಅಂಟಿಸಿದರು. ಒಂದೇ ಸಲಕ್ಕೆ ಲೊತ್ರೆಕ್ ಅವರ ಹೆಸರು ಎಲ್ಲರ ಬಾಯಲ್ಲೂ ಬಂತು. ಪೋಸ್ಟರ್ ಸಂಗ್ರಹ ಮಾಡುವ ಹುಚ್ಚು ಹಿಡಿದವರು ಗೋಡೆ ಮೇಲೆ ಅಂಟು ಹಸಿ ಇರುವಾಗಲೇ ಕಿತ್ತುಕೊಂಡು ಹೋಗುತ್ತಿದ್ದರಂತೆ.

ಅವರ ಪೋಸ್ಟರಿನಲ್ಲಿ ಏನು ವಿಶೇಷ? ನಾನು ಪುಸ್ತಕ ನೋಡಿ ಮೂರು ಕಂಡುಕೊಂಡೆ. ಒಂದು, ಅವರು ಬಣ್ಣವನ್ನು ಚಪ್ಪಟೆಯಾಗಿ ತುಂಬುತ್ತಾರೆ, ಸುತ್ತ ಗಟ್ಟಿ ಗೆರೆ. ಇದನ್ನು ಅವರು ಜಪಾನ್ ದೇಶದ ಮರದ ಅಚ್ಚಿನ ಚಿತ್ರಗಳನ್ನು ನೋಡಿ ಕಲಿತರು. ಎರಡು, ಬೇಡದ್ದನ್ನು ಬಿಟ್ಟುಬಿಡುತ್ತಾರೆ. ಖಾಲಿ ಜಾಗಕ್ಕೆ ಹೆದರುವುದಿಲ್ಲ. ಮೂರು, ಮಸಿಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲಿನ ಮೇಲೆ ಸಣ್ಣ ಚುಕ್ಕೆ ಚಿಮುಕಿಸುತ್ತಿದ್ದರು. ಸಂಜೆಯ ಬೆಳಕು, ಧೂಳು ಕಂಡ ಹಾಗೆ ಕಾಣುತ್ತೆ. ಬೀದಿಯಲ್ಲಿ ಹೋಗುವವನು ನಿಂತು ನೋಡಲ್ಲ, ನಡೆಯುತ್ತಾ ನೋಡುತ್ತಾನೆ. ಅಷ್ಟರೊಳಗೆ ಅವನಿಗೆ ತಿಳಿಯಬೇಕು. ಅವರ ಪೋಸ್ಟರ್ ಹಾಗೆ ಇರುತ್ತಿತ್ತು. ಒಟ್ಟು ಸುಮಾರು 30 ಪೋಸ್ಟರ್ ಮಾಡಿದರು.

ಸೈಕಲ್ ಬಂತು

ಈಗ ಸೈಕಲ್ ವಿಷಯ. ಮೊದಲು ಮುಂದೆ ಆನೆಯಷ್ಟು ದೊಡ್ಡ ಗಾಲಿ, ಹಿಂದೆ ಪುಟ್ಟ ಗಾಲಿ ಇರುವ ಸೈಕಲ್ ಇತ್ತು. ಬಿದ್ದರೆ ತಲೆ ಒಡೆಯುತ್ತಿತ್ತು. 1885ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಗಾಲಿಯೂ ಹೆಚ್ಚುಕಡಿಮೆ ಸಮ ಇರುವ, ಚೈನಿನಿಂದ ಹಿಂದಿನ ಗಾಲಿ ತಿರುಗುವ ರೋವರ್ ಸೈಕಲ್ ಬಂತು. 1888ರಲ್ಲಿ ಡನ್‌ಲಪ್ ಅವರು ಗಾಳಿ ತುಂಬುವ ಟೈರ್ ತಂದರು. ಆಮೇಲೆ ಯೂರೋಪಿನಲ್ಲಿ ಜನರಿಗೆ ಸೈಕಲ್ ಹುಚ್ಚು ಹಿಡಿಯಿತು. ಕಂಪನಿಗಳು ಹುಟ್ಟಿದವು, ಕಂಪನಿಗೊಂದು ಪೋಸ್ಟರ್ ಹುಟ್ಟಿತು. ಬಹಳ ಪೋಸ್ಟರುಗಳಲ್ಲಿ ಹೂವು ಹಿಡಿದ ಸುಂದರಿಯರು, ದೇವತೆಯರು, ರೆಕ್ಕೆ ಬಂದ ಸೈಕಲ್ ಇರುತ್ತಿದ್ದವು. ನೋಡಲು ಚಂದ. ಆದರೆ ಅಂಥ ಸೈಕಲ್ ಮೇಲೆ ಯಾರಿಗೂ ಬೆವರು ಬಂದ ಹಾಗೆ ಕಾಣಲ್ಲ.

ಲೊತ್ರೆಕ್ ಅವರ ಸ್ನೇಹಿತರೊಬ್ಬರು ತ್ರಿಸ್ತಾನ್ ಬೆರ್ನಾರ್. ಅವರು ಬರಹಗಾರರು, ಜೊತೆಗೆ ಪ್ಯಾರಿಸ್‌ನ ಸೈಕಲ್ ರೇಸಿನ ಮೈದಾನ ನೋಡಿಕೊಳ್ಳುತ್ತಿದ್ದರು. ಅಂಥ ಮೈದಾನಕ್ಕೆ ವೆಲೊಡ್ರೋಮ್ ಅನ್ನುತ್ತಾರೆ. ಲೊತ್ರೆಕ್ ಕೋಲೂರಿಕೊಂಡು ಅಲ್ಲಿಗೆ ಹೋಗಿ ಸವಾರರನ್ನು ನೋಡುತ್ತಿದ್ದರು. 1895ರಲ್ಲಿ ಆ ಮೈದಾನದಲ್ಲಿ ನಿಂತ ಬೆರ್ನಾರ್ ಅವರ ಚಿತ್ರವನ್ನೂ ಬರೆದರು. ಚಿಕ್ಕಂದಿನಲ್ಲಿ ಹಾಸಿಗೆ ಮೇಲೆ ಕುದುರೆ ಬರೆದ ಹಾಗೆ ಇಲ್ಲೂ ಆಯಿತು. ಬಲವಾದ ಕಾಲುಗಳು ಓಡಿಸುವುದನ್ನು ಓಡಲಾರದ ಕಾಲಿನವರು ಕೂತು ನೋಡಿದರು, ಬರೆದರು.

ತಪ್ಪಿದ ಪೋಸ್ಟರ್

ಇಂಗ್ಲೆಂಡಿನ ವಿಲಿಯಂ ಸಿಂಪ್ಸನ್ ಎಂಬುವರು ಒಂದು ಹೊಸ ನಮೂನೆ ಚೈನ್ ಮಾಡಿದ್ದರು. ಅದರ ಕೊಂಡಿಗಳು ತ್ರಿಕೋನದ ಆಕಾರ. ಅದರಿಂದ ಸನ್ನೆಗೋಲಿನ ಹಾಗೆ ಹೆಚ್ಚು ಬಲ ಸಿಗುತ್ತದೆ ಅಂತ ಅವರು ಹೇಳಿಕೊಳ್ಳುತ್ತಿದ್ದರು. ಬಹಳ ಜನ ನಂಬಲಿಲ್ಲ. ಅದಕ್ಕೆ 1896ರ ಜೂನ್‌ನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್ ಮೈದಾನದಲ್ಲಿ ಪಂದ್ಯ ಇಟ್ಟರು. ಸಿಂಪ್ಸನ್ ಚೈನಿನ ಸವಾರರು ಒಂದು ಕಡೆ, ಮಾಮೂಲಿ ಚೈನಿನ ಸವಾರರು ಇನ್ನೊಂದು ಕಡೆ. ಫ್ರಾನ್ಸಿನಲ್ಲಿ ಆ ಚೈನಿನ ವ್ಯಾಪಾರ ನೋಡುತ್ತಿದ್ದವರು ಲೂಯಿ ಬೂಗ್ಲೆ. ಅವರು ಸೈಕಲ್ಲಿನ ಕಡ್ಡಿಯ ಹೆಸರನ್ನೇ ಇಟ್ಟುಕೊಂಡು ಸ್ಪೋಕ್ ಅಂತ ಕರೆಸಿಕೊಳ್ಳುತ್ತಿದ್ದರು! ಅವರೇ ಲೊತ್ರೆಕ್ ಅವರನ್ನು ಲಂಡನ್ನಿಗೆ ಕರೆದುಕೊಂಡು ಹೋದರು. ಒಂದು ಪೋಸ್ಟರ್ ಆಗಬೇಕಾಗಿತ್ತು.

ಲೊತ್ರೆಕ್ ಅವರು ಜಿಮ್ಮಿ ಮೈಕೆಲ್ ಎಂಬ ಸವಾರನನ್ನು ಬರೆದರು. ಅವನು ವೇಲ್ಸ್ ದೇಶದವನು, ಕುಳ್ಳಗೆ ಗಟ್ಟಿ ಆಳು. ಸೈಕಲ್ ಓಡಿಸುವಾಗ ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಳ್ಳುವ ಅಭ್ಯಾಸ. ಲೊತ್ರೆಕ್ ಆ ಕಡ್ಡಿಯನ್ನೂ ಬಿಡದೆ ಬರೆದರು. ಬಗ್ಗಿದ ಬೆನ್ನು, ಬಿಗಿದ ಮುಖ ಎಲ್ಲಾ ಇತ್ತು. ಆದರೆ ಬೂಗ್ಲೆ ಅವರು ಆ ಪೋಸ್ಟರ್ ಬೇಡ ಅಂದುಬಿಟ್ಟರು. ಯಾಕೆ? ಪೆಡಲ್ ಚೈನಿನ ಭಾಗ ಸರಿಯಾಗಿ ಬಂದಿರಲಿಲ್ಲ.

ಇದನ್ನು ಓದಿದಾಗ ನನಗೆ ಆಶ್ಚರ್ಯ ಆಯಿತು. ಊರೆಲ್ಲ ಹೊಗಳುವ ಕಲಾವಿದ, ಪೋಸ್ಟರ್ ಕಿತ್ತುಕೊಂಡು ಹೋಗುವಷ್ಟು ಹೆಸರು. ಅಂಥವರ ಚಿತ್ರವನ್ನು ಒಬ್ಬ ಚೈನ್ ವ್ಯಾಪಾರಿ ಬೇಡ ಅಂದ. ವ್ಯಾಪಾರಿಯದು ತಪ್ಪು ಅಂತ ಮೊದಲು ಅಂದುಕೊಂಡೆ. ಆಮೇಲೆ ತಾತನ ಮುಖ ನೆನಪಾಯಿತು. ಅವರು ಮಾರುತ್ತಿದ್ದದ್ದು ಚೈನ್. ಚೈನ್ ಮಾರುವ ಪೋಸ್ಟರಿನಲ್ಲಿ ಚೈನೇ ತಪ್ಪಿದ್ದರೆ ರೇಸಿನವರು, ಸೈಕಲ್ ಶಾಪಿನವರು ನಗುವುದಿಲ್ಲವೇ? ಕಬ್ಬಿಣ ಗೊತ್ತಿದ್ದವನ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಲೊತ್ರೆಕ್ ಏನು ಮಾಡಿದರು? ಎರಡು ಕೆಲಸ ಮಾಡಿದರು. ಬೇಡವಾದ ಆ ಮೈಕೆಲ್ ಪೋಸ್ಟರನ್ನು ಹರಿದು ಹಾಕಲಿಲ್ಲ. ಸ್ವಂತ ಖರ್ಚಿನಲ್ಲಿ 200 ಪ್ರತಿ ಅಚ್ಚು ಮಾಡಿಸಿದರು. ಯಾಕಂದರೆ ಆ ಮನುಷ್ಯ ಸರಿಯಾಗಿ ಬಂದಿದ್ದ, ಯಂತ್ರ ಮಾತ್ರ ತಪ್ಪಿತ್ತು. ಎರಡನೆಯದು, ಬೂಗ್ಲೆ ಅವರಿಗೆ ಹೊಸ ಪೋಸ್ಟರ್ ಬರೆದುಕೊಟ್ಟರು. ಸಿಟ್ಟು ಮಾಡಿಕೊಂಡು ಕೂರಲಿಲ್ಲ.

ಎರಡನೇ ಪೋಸ್ಟರ್

ಎರಡನೇ ಪೋಸ್ಟರಿನ ಹೆಸರು ಸಿಂಪ್ಸನ್ ಚೈನ್. ಅದೂ 1896ರದ್ದೇ. ಹಳದಿ, ಕೆಂಪು, ನೀಲಿ ಬಣ್ಣ. ಮುಂದೆ ಕಾನ್ಸ್‌ತಾಂ ಯುರೆ ಎಂಬ ಫ್ರಾನ್ಸಿನ ಪ್ರಸಿದ್ಧ ಸವಾರ ಬಗ್ಗಿಕೊಂಡು ಪೆಡಲ್ ತುಳಿಯುತ್ತಿದ್ದಾನೆ. ಅವನ ಮುಂದೆ ಒಂದೇ ಸೈಕಲ್ ಮೇಲೆ ಸಾಲಾಗಿ ಕೂತವರು ಹೋಗುತ್ತಿದ್ದಾರೆ. ಅವರು ಯಾರು ಅಂತ ಅಣ್ಣನನ್ನು ಕೇಳಿದೆ. ರೇಸಿನ ಸವಾರನಿಗೆ ಎದುರುಗಾಳಿ ತಾಗದಂತೆ ಮುಂದೆ ಮುಂದೆ ಹೋಗುವವರು ಅವರು. ನಾವು ಸೈಕಲ್ ಮೇಲೆ ಟ್ರ್ಯಾಕ್ಟರ್ ಹಿಂದೆ ಹೋದರೆ ಗಾಳಿ ತಾಗಲ್ಲವಲ್ಲ, ಹಾಗೆ. ಯಾರೂ ಟ್ರ್ಯಾಕ್ಟರ್ ಹಿಂದೆ ಹೋಗಬೇಡಿ, ಅಪಾಯ. ದೂರದಲ್ಲಿ ಮೈದಾನದ ನಡುವೆ ಬ್ಯಾಂಡಿನವರು ಕೂತಿದ್ದಾರೆ, ಬೂಗ್ಲೆ ಮತ್ತು ಸಿಂಪ್ಸನ್ ಅವರು ನಿಂತಿದ್ದಾರೆ. ಗಾಲಿಗಳ ಒಳಗೆ ಕಡ್ಡಿಗಳನ್ನು ಬಿಡಿಬಿಡಿಯಾಗಿ ಬರೆದಿಲ್ಲ. ಜೋರಾಗಿ ತಿರುಗುವ ಗಾಲಿಯಲ್ಲಿ ಕಡ್ಡಿ ಕಾಣಲ್ಲ ಅಲ್ಲವೇ? ಆದರೆ ಚೈನ್ ಮಾತ್ರ ಕಣ್ಣಿಗೆ ಬೀಳುವ ಹಾಗೆ, ಪೆಡಲಿನಿಂದ ಹಿಂದಿನ ಗಾಲಿಗೆ ಹೋಗಿದೆ. ನಾನು ಮೊದಲು ನೋಡಿದ್ದೇ ಅದನ್ನು.

ಒಂದು ತಮಾಷೆ ಕೇಳಿ. ಆ ಸಿಂಪ್ಸನ್ ಚೈನ್ ಉಳಿಯಲಿಲ್ಲ. ಅದರಿಂದ ಹೆಚ್ಚು ಬಲವೇನೂ ಸಿಗುವುದಿಲ್ಲ ಅಂತ ಜನಕ್ಕೆ ಗೊತ್ತಾಯಿತು. ಸನ್ನೆಗೋಲಿನ ಪಾಠದಲ್ಲಿ ನಾವು ಕಲಿತಿದ್ದೇವೆ, ಹಾಕಿದ ಕೆಲಸಕ್ಕಿಂತ ಹೆಚ್ಚಿನ ಕೆಲಸವನ್ನು ಯಾವ ಯಂತ್ರವೂ ಕೊಡುವುದಿಲ್ಲ. ಕೆಲವೇ ವರ್ಷದಲ್ಲಿ ಚೈನ್ ಮರೆತುಹೋಯಿತು. ಪೋಸ್ಟರ್ ಉಳಿಯಿತು. ಈಗ ದೊಡ್ಡ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಅದನ್ನು ಗಾಜಿನೊಳಗೆ ಇಟ್ಟಿದ್ದಾರೆ.

ಕೊನೆಯ ದಿನಗಳು

ಒಳ್ಳೆಯದನ್ನು ಮಾತ್ರ ಬರೆದರೆ ಲೇಖನ ಪೂರ್ತಿ ಆಗಲ್ಲ. ಲೊತ್ರೆಕ್ ಅವರಿಗೆ ಕುಡಿತದ ಚಟ ಇತ್ತು. ಅವರನ್ನು ನೋಡಿ ಬೀದಿಯಲ್ಲಿ ಜನ ನಗುತ್ತಿದ್ದರು, ಅವರು ತಾವೇ ಮೊದಲು ತಮಾಷೆ ಮಾಡಿ ನಗುತ್ತಿದ್ದರು. ಒಳಗೆ ಎಷ್ಟು ನೋವಿತ್ತೋ. ನೋವಿಗೆ ಕುಡಿತ ಔಷಧಿ ಅಲ್ಲ. ನಮ್ಮ ಊರಿನಲ್ಲೂ ಕುಡಿದು ಹಾಳಾದ ಮನೆಗಳನ್ನು ನಾವು ನೋಡಿದ್ದೇವೆ. 1899ರಲ್ಲಿ ಅವರ ಆರೋಗ್ಯ ಕೆಟ್ಟು, ಬುದ್ಧಿ ಸ್ಥಿಮಿತ ತಪ್ಪಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿಂದ ಹೊರಗೆ ಬಿಡುತ್ತಿರಲಿಲ್ಲ. ಅಲ್ಲಿ ಅವರು ಹಿಂದೆ ನೋಡಿದ್ದ ಸರ್ಕಸ್ಸನ್ನು ನೆನಪಿನಿಂದಲೇ ಬರೆದರು. ಕುದುರೆಗಳು, ಕೋಡಂಗಿಗಳು, ಕಸರತ್ತು ಮಾಡುವವರು. ಎದುರಿಗೆ ಏನೂ ಇಲ್ಲದೆ ಅಷ್ಟು ಸರಿಯಾಗಿ ಬರೆದದ್ದು ನೋಡಿ ಇವರ ಬುದ್ಧಿ ಸರಿಯಾಗಿದೆ ಅಂತ ತಿಳಿಯಿತು. ಹೊರಗೆ ಬಿಟ್ಟರು. ಚಿತ್ರವೇ ಅವರನ್ನು ಬಿಡಿಸಿಕೊಂಡು ಬಂತು.

ಆದರೆ ಕುಡಿತ ಮತ್ತೆ ಶುರುವಾಯಿತು. 1901ನೇ ಇಸವಿ ಸೆಪ್ಟೆಂಬರ್ 9ರಂದು ತಾಯಿಯ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 36 ವರ್ಷ. ಮಗ ಹೋದ ಮೇಲೆ ತಾಯಿ ಅಡೆಲ್ ಮತ್ತು ಸ್ನೇಹಿತ ಮೊರಿಸ್ ಜ್ವಾಯಾಂ ಸೇರಿ ಚಿತ್ರಗಳನ್ನೆಲ್ಲ ಜೋಪಾನ ಮಾಡಿದರು, ಹುಟ್ಟೂರಿಗೆ ಕೊಟ್ಟರು. 1922ರಲ್ಲಿ ಆಲ್ಬಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ಶುರುವಾಯಿತು. ಈಗಲೂ ಇದೆ.

ನಾನು ಕಲಿತದ್ದು

ಮೊನ್ನೆ ಭಾನುವಾರ ತಾತನ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿದೆ. ತಾತ ಪಕ್ಕದಲ್ಲಿ ಕೂತರು. ಪೆಡಲ್ ಹತ್ತಿರದ ದೊಡ್ಡ ಹಲ್ಲಿನ ಚಕ್ರದಲ್ಲಿ 44 ಹಲ್ಲು ಎಣಿಸಿದೆ. ಹಿಂದಿನ ಫ್ರೀವೀಲ್‌ನಲ್ಲಿ 18. ಒಂದು ಸಲ ಪೆಡಲ್ ಪೂರ್ತಿ ತಿರುಗಿಸಿದರೆ ಹಿಂದಿನ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗುತ್ತೆ. ಲೆಕ್ಕ ಮಾಡಿದೆ, ತಿರುಗಿಸಿ ನೋಡಿದೆ, ಎರಡೂ ಹೊಂದಿಕೆ ಆಯಿತು. ತಾತ ಖುಷಿಯಿಂದ ಲೇಥ್ ಮೇಲೆ ಹಲ್ಲಿನ ಚಕ್ರ ಕೂಡಿಸುವುದನ್ನು ಒಂದು ತಾಸು ಹೇಳಿದರು. ಕಾರ್ಖಾನೆ ಮುಚ್ಚಿದ ಮೇಲೆ ಅವರು ಅಷ್ಟು ಹೊತ್ತು ಆ ಕೆಲಸದ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ನಾನು ಚಿತ್ರ ತಪ್ಪು ಬರೆಯದೆ ಇದ್ದಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲ.

ಬಣ್ಣದ ಡಬ್ಬಿಯನ್ನು ತಂಗಿಯಿಂದ ವಾಪಸ್ ತಗೊಂಡೆ. ಅವಳು ಅತ್ತಳು. ಅರ್ಧ ಬಣ್ಣ ಅವಳಿಗೇ ಬಿಟ್ಟೆ. ಹಸಿರು ಅವಳ ಹತ್ತಿರ ಹೋಯಿತು, ಅದಕ್ಕೇ ಈ ಸಲದ ಚಿತ್ರದಲ್ಲಿ ಮರಗಳೆಲ್ಲ ನೀಲಿ ಇವೆ.

ಈ ಲೇಖನದ ಕೆಳಗೆ ಎರಡು ಚಿತ್ರ ಅಂಟಿಸಿದ್ದೇನೆ. ಎಡಗಡೆ ಇರುವುದು ಹೋದ ತಿಂಗಳಿನದು, ಚೈನ್ ತಪ್ಪಿದ್ದು. ಅದನ್ನು ತೆಗೆದುಬಿಡು ಅಂತ ಗೆಳೆಯರು ಹೇಳಿದರು, ನಾನೇ ಬೇಡ ಅಂದೆ. ಬಲಗಡೆ ಇರುವುದು ಹೊಸದು. ಅದರಲ್ಲಿ ಸೈಕಲ್ ತುಳಿಯುತ್ತಿರುವವರು ನಮ್ಮ ತಾತ, ಹರಿಹರದ ಸೇತುವೆ ಮೇಲೆ ಕೆಲಸಕ್ಕೆ ಹೋಗುತ್ತಿದ್ದಾರೆ. ಚೈನಿನ ಕೊಂಡಿ ಒಂದೊಂದೂ ಬರೆದಿದ್ದೇನೆ. ಬ್ರೇಕಿನ ತಂತಿ ಮಾತ್ರ ನನಗೆ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ. ಗೊತ್ತಿದ್ದವರು ದಯವಿಟ್ಟು ನನಗೆ ತೋರಿಸಿ. ನಗಬೇಕು ಅನ್ನಿಸಿದರೆ ನಗಿ, ಆದರೆ ನಕ್ಕ ಮೇಲೆ ಎಲ್ಲಿ ತಪ್ಪಿದೆ ಅಂತ ಹೇಳಿ.

ಲೇಖನದಲ್ಲಿ ಕಾಗುಣಿತದ ತಪ್ಪುಗಳಿದ್ದರೆ ಗುರುಗಳು ಕ್ಷಮಿಸಿ ತಿದ್ದಬೇಕು.


ಏಳನೇ ತರಗತಿಯ ವಿದ್ಯಾರ್ಥಿ